ಮೈಸೂರಿನ ಮಾನಸಗಂಗೋತ್ರಿ ಸುತ್ತಮುತ್ತ ಹಳೇ ಮನೆ ಕೊಳ್ಳುವವರಿಗೆ ಕಾವೇರಿ 2.0ರ ಇಸಿ ಎಷ್ಟು ಆಸರೆ?

ಸರಸ್ವತಿಪುರಂ, ಕುವೆಂಪುನಗರ, ಬೋಗಾದಿ ಕಡೆ ಹಳೇ ಮನೆ ನೋಡುತ್ತಿರುವವರು ಅಡ್ವಾನ್ಸ್ ಕೊಡುವ ಮುಂಚೆ ಇಸಿ, ಅಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ ಇರುವ ಋಣಭಾರ ಪತ್ರ, ತೆಗೆದು ನೋಡಲೇಬೇಕು. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು, ಮಧ್ಯವರ್ತಿ ಬೇಕಿಲ್ಲ. ಸೇವೆ ನಿಜಕ್ಕೂ ಉಪಯುಕ್ತ. ಆದರೆ ಓದುವ ಕ್ರಮ ತಿಳಿಯದಿದ್ದರೆ ಅದೇ ಕಾಗದ ಸುಳ್ಳು ಧೈರ್ಯ ಕೊಡುತ್ತದೆ.

ಮೊಬೈಲಿಗೆ ಬರುವ ಓಟಿಪಿಯಿಂದ ಲಾಗಿನ್ ಆಗಿ ಜಿಲ್ಲೆ, ಸಬ್‌ರಿಜಿಸ್ಟ್ರಾರ್ ಕಚೇರಿ, ಆಸ್ತಿಯ ನಂಬರು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಮತ್ತು ಅವಧಿ ತುಂಬಿ ಶುಲ್ಕ ಕಟ್ಟಿದರೆ ಡಿಜಿಟಲ್ ಸಹಿಯ ಪ್ರತಿ ಸಿಗುತ್ತದೆ. ಮಾರುವವರ ಕ್ರಯಪತ್ರದ ಜೆರಾಕ್ಸ್ ಎದುರಿಗಿಟ್ಟುಕೊಂಡು ಅದರ ಶೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರದಲ್ಲಿ, ಇರುವಂತೆಯೇ ತುಂಬಿ.

ಎಡವಟ್ಟಾಗುವುದು ನಂಬರಿನಲ್ಲಿ. ಮೈಸೂರಿನ ಹಳೇ ಬಡಾವಣೆಗಳ ಮನೆಗೆ ಸಿಐಟಿಬಿ (ಮುಡಾಗೆ ಮುಂಚೆ ಸೈಟು ಹಂಚುತ್ತಿದ್ದ ನಗರಾಭಿವೃದ್ಧಿ ಮಂಡಳಿ) ಕಾಲದ ಸೈಟ್ ನಂಬರು ಒಂದು, ಪಾಲಿಕೆಯ ಡೋರ್ ನಂಬರು ಇನ್ನೊಂದು, ಖಾತೆಯಲ್ಲಿರುವುದು ಮತ್ತೊಂದು. ಪತ್ರ ನೋಂದಾಯಿಸುವಾಗ ಯಾವ ನಂಬರು ಬರೆದಿದ್ದರೋ ಅದರಲ್ಲಿ ಹುಡುಕಿದರೆ ಮಾತ್ರ ಸಿಗುತ್ತದೆ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. 2011ರಲ್ಲಿ ಕೊಂಡೆ ಎನ್ನುವವರ ಮನೆಗೆ ನಮೂನೆ 16 ಬಂದರೆ ಖುಷಿಪಡಬೇಡಿ. ಅವರ ಖರೀದಿಯೇ ಅದರಲ್ಲಿ ಕಾಣುತ್ತಿಲ್ಲ, ಅಂದಮೇಲೆ ಹುಡುಕಿದ ನಂಬರೋ ವಿವರವೋ ತಪ್ಪಿರಬಹುದು. ಮೂರೂ ನಂಬರಿನಲ್ಲಿ ಬೇರೆ ಬೇರೆಯಾಗಿ ಹುಡುಕಿ.

ನಮೂನೆ 15 ಕೈಗೆ ಬಂದ ಮೇಲೆ ಸಾಲು ಸಾಲು ಓದಿ. ಬ್ಯಾಂಕಿಗೆ ಅಡಮಾನ ಮಾಡಿದ ಸಾಲಿದ್ದು, ಅದನ್ನು ಬಿಡಿಸಿದ ಸಾಲಿಲ್ಲದಿದ್ದರೆ ಸಾಲ ತೀರಿದ ಪತ್ರ ಕೇಳಬೇಕು. ನೋಂದಣಿಯಾದ ಕ್ರಯದ ಕರಾರು ಇದ್ದರೆ ಅದರ ರದ್ದತಿ ಪತ್ರವೂ ಬೇಕು. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಕೆಲವೊಮ್ಮೆ ಇಸಿಯಲ್ಲಿ ಬರುವುದೇ ಇಲ್ಲ, ಹಾಗಾಗಿ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡಿ. ತಂದೆ ತೀರಿಕೊಂಡು ಖಾತೆ ಮಾತ್ರ ಮಗನ ಹೆಸರಿಗೆ ಬದಲಾಗಿದ್ದರೂ ಇಸಿಯಲ್ಲಿ ಸುಳಿವಿರುವುದಿಲ್ಲ. ಅಂಥಲ್ಲಿ ವಂಶವೃಕ್ಷ ಕೇಳಿ, ಹೆಣ್ಣುಮಕ್ಕಳೂ ಸೇರಿ ಎಲ್ಲರ ಸಹಿ ಹಾಕಿಸಿ.

ಆನ್‌ಲೈನ್ ದಾಖಲೆ ಸಿಗುವುದು 1-4-2004ರಿಂದ ಈಚಿನದು. ಸಾಲ ಕೊಡುವ ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. 2004ಕ್ಕಿಂತ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಹೋಗಿ ಅರ್ಜಿ ಕೊಡಬೇಕು. ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಬಂದದ್ದೇ 1988ರಲ್ಲಿ, ಅದಕ್ಕೂ ಮುಂಚಿನ ಸೈಟುಗಳ ಮೊದಲ ಹಕ್ಕುಪತ್ರ ಸಿಐಟಿಬಿಯದು. ಆ ಪತ್ರದಿಂದ ಇವತ್ತಿನವರೆಗೆ ಕೊಂಡಿ ಎಲ್ಲೂ ಕಡಿಯಬಾರದು.

ಕಾಲೇಜುಗಳ ಪಕ್ಕದ ಮನೆಗೆ ಇನ್ನೊಂದು ಅಪಾಯವಿದೆ, ಭೋಗ್ಯ, ಅಂದರೆ ತಿಂಗಳ ಬಾಡಿಗೆ ಬದಲು ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ವಾಸ, ಬಿಡುವಾಗ ಅದು ವಾಪಸು. ಕೆಳಗಡೆ ಮಾಲೀಕರು, ಮೇಲಿನ ಪೋರ್ಷನ್ನಿನಲ್ಲಿ ವಿದ್ಯಾರ್ಥಿಗಳು ಇಲ್ಲವೇ ಕೆಲವು ಲಕ್ಷ ಕೊಟ್ಟು ಭೋಗ್ಯಕ್ಕೆ ಬಂದ ಸಂಸಾರ. ಒಂದು ವರ್ಷಕ್ಕೆ ಮೇಲ್ಪಟ್ಟ ಗುತ್ತಿಗೆ ನೋಂದಣಿಯಾಗಲೇಬೇಕು ಎಂದು ಕಾನೂನಿದ್ದರೂ ಬಹಳಷ್ಟು ಕರಾರು ಛಾಪಾ ಕಾಗದದ ಮೇಲೇ ಮುಗಿಯುತ್ತವೆ. 11 ತಿಂಗಳ ಬಾಡಿಗೆ ಕರಾರುಗಳ ಕಥೆಯೂ ಅದೇ. ಇಸಿಯಲ್ಲಿ ಯಾವುದೂ ಕಾಣುವುದಿಲ್ಲ. ಕ್ರಯ ಮುಗಿದ ಮೇಲೆ ಮೇಲಿನವರು ಭೋಗ್ಯದ ಹಣ ನಿಮ್ಮನ್ನು ಕೇಳುತ್ತಾರೆ, ಕೊಡುವ ತನಕ ಮನೆ ಬಿಡುವುದಿಲ್ಲ. ಆದ್ದರಿಂದ ಮನೆ ನೋಡಲು ಹೋದಾಗ ಬಾಡಿಗೆದಾರರನ್ನೇ ನೇರವಾಗಿ ಮಾತಾಡಿಸಿ: ಎಷ್ಟು ಕೊಟ್ಟಿದ್ದೀರಿ, ಯಾವಾಗ ಬಿಡುತ್ತೀರಿ. ಮನೆ ಖಾಲಿಯಾಗುವವರೆಗೆ ಇಷ್ಟು ಹಣ ತಡೆಹಿಡಿಯುತ್ತೇವೆ ಎಂದು ಕರಾರಿನಲ್ಲೇ ಬರೆಸಿ.

ನೋಂದಣಿ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2 ಆಗಿದೆ. ನಗರದ ಸ್ವತಂತ್ರ ಮನೆಗೆ ಈ ಶುಲ್ಕದ ಜೊತೆ ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ ಒಟ್ಟು ಶೇ. 7.6, ಅಂದರೆ 80 ಲಕ್ಷದ ಮನೆಗೆ 6,08,000 ರೂಪಾಯಿ.

ನೋಂದಣಿಯ ಹಿಂದಿನ ದಿನ ಮತ್ತೊಮ್ಮೆ ಇಸಿ ತೆಗೆಯಿರಿ, ಮೊದಲನೆಯದರ ನಂತರ ಏನಾದರೂ ನಡೆದಿದೆಯೇ ಗೊತ್ತಾಗುತ್ತದೆ. ನೋಂದಣಿಯಾದ ಮೇಲೂ ಒಂದು ತೆಗೆದು ನಿಮ್ಮ ಹೆಸರು, ಅಳತೆ, ಚಕ್ಕುಬಂದಿ ತಾಳೆ ನೋಡಿ. ಕ್ರಯಪತ್ರದಲ್ಲೇ ತಪ್ಪಿದ್ದರೆ ತಿದ್ದುಪಡಿ ಪತ್ರಕ್ಕೆ ಮಾರಿದವರ ಸಹಿ ಬೇಕು, ಅವರು ವಿದೇಶದಲ್ಲಿರುವ ಮಕ್ಕಳ ಬಳಿ ಹೊರಡುವ ಮೊದಲೇ ಮಾಡಿಸಿಕೊಳ್ಳಿ.