ಮಂಗಳೂರಿನ ಒಂದು ರಕ್ತನಿಧಿ: ಮಲೇರಿಯಾ ತಪಾಸಣೆ ಎಷ್ಟು ಗಟ್ಟಿ?

ನಗರದ ಆಸ್ಪತ್ರೆಯೊಂದಕ್ಕೆ ಸೇರಿದ ಈ ರಕ್ತನಿಧಿಯಲ್ಲಿ ನಾನು ಕೆಲವು ವರ್ಷಗಳಿಂದ ರಕ್ತದಾನ ಮಾಡುತ್ತಿದ್ದೇನೆ. ಈಚೆಗೆ ಅಕ್ಕನ ಶಸ್ತ್ರಚಿಕಿತ್ಸೆಗೆ ಬೇಕಾದ ರಕ್ತವನ್ನೂ ಅಲ್ಲಿಂದಲೇ ಪಡೆದೆವು. ಮಳೆ ಹಿಡಿಯುತ್ತಿದ್ದಂತೆ ಮಲೇರಿಯಾ ಏರುವ ಮಂಗಳೂರಿನಲ್ಲಿ, ರೋಗಾಣು ಇರುವ ರಕ್ತ ಚೀಲ ಸೇರದಂತೆ ವಹಿಸುವ ಎಚ್ಚರವೇ ರಕ್ತನಿಧಿಯೊಂದರ ಮೊದಲ ಅಳತೆಗೋಲು ಎಂದು ನಾನು ನಂಬಿದ್ದೇನೆ.

ದಾನವಾಗಿ ಬಂದ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುವುದು ಭಾರತದಲ್ಲಿ ಕಡ್ಡಾಯ. ಮಲೇರಿಯಾಕ್ಕೆ ಇಲ್ಲಿ ಬಳಸುವುದು ರ‍್ಯಾಪಿಡ್ ಕಿಟ್. ಸಾಮಾನ್ಯವಾಗಿ ಒಂದು ಮೈಕ್ರೊಲೀಟರ್ (ಮಿಲಿಲೀಟರಿನ ಸಾವಿರದಲ್ಲೊಂದು ಭಾಗ) ರಕ್ತದಲ್ಲಿ ನೂರರಷ್ಟು ರೋಗಾಣುಗಳಾದರೂ ಇದ್ದರೆ ಮಾತ್ರ ಇಂಥ ಕಿಟ್ ಸೋಂಕಿದೆ ಎನ್ನುವ ಗೆರೆಯನ್ನು ಭರವಸೆಯಿಂದ ತೋರಿಸುತ್ತದೆ. ಮೈಕ್ರೊಲೀಟರಿಗೆ ಒಂದೇ ರೋಗಾಣು ಇದ್ದರೂ 350 ಮಿಲಿಲೀಟರಿನ ಚೀಲದಲ್ಲಿ ಅವು ಮೂರೂವರೆ ಲಕ್ಷವಾಗುತ್ತವೆ, ಆದರೆ ಫಲಿತಾಂಶ ನೆಗೆಟಿವ್ ಎಂದೇ ಬರಬಹುದು. ಚೀಲವನ್ನು 2ರಿಂದ 6 ಡಿಗ್ರಿ ತಂಪಿನಲ್ಲಿ ಇಟ್ಟರೂ ಅವು ಹಲವು ದಿನ ಬದುಕುತ್ತವೆ. ಪದೇ ಪದೇ ಮಲೇರಿಯಾ ಬಂದು ಹೋದವರಲ್ಲಿ ಜ್ವರವೇ ಇಲ್ಲದೆ ರೋಗಾಣು ಉಳಿದಿರುವುದೂ ಉಂಟು.

ಆದ್ದರಿಂದಲೇ ಸೂಜಿ ಚುಚ್ಚುವ ಮುನ್ನ ಕೇಳುವ ಪ್ರಶ್ನೆಗಳಿಗೆ ಇಷ್ಟು ಬೆಲೆ, ಮತ್ತು ಈ ರಕ್ತನಿಧಿ ನನಗೆ ಮೆಚ್ಚುಗೆಯಾದದ್ದೂ ಅಲ್ಲಿಯೇ. ಜ್ವರ ಬಂದಿತ್ತೇ ಎಂದು ಕೇಳಿ ಟಿಕ್ ಹಾಕಿ ಮುಗಿಸುವ ರೂಢಿ ಇಲ್ಲಿನ ವೈದ್ಯೆಗೆ ಇಲ್ಲ. ಕಳೆದ ಬಾರಿ ನನ್ನ ಮುಂದಿದ್ದ ಯುವಕ "ಸಣ್ಣ ಜ್ವರ ಇತ್ತು ಮೇಡಂ, ಈಗ ಆರಾಮ" ಎಂದಾಗ ಅವರು ಪೆನ್ನು ಕೆಳಗಿಟ್ಟು, ಚಳಿ ನಡುಕ ಇತ್ತೇ, ರಕ್ತಪರೀಕ್ಷೆ ಮಾಡಿಸಿದ್ದೀರಾ, ಮಾತ್ರೆಗಳನ್ನು ಪೂರ್ತಿ ತೆಗೆದುಕೊಂಡಿರಾ ಎಂದು ಒಂದೊಂದಾಗಿ ವಿಚಾರಿಸಿದರು. ಅದು ಮಲೇರಿಯಾ ಎಂದು ತಿಳಿದೊಡನೆ, ಪೂರ್ಣ ಗುಣವಾದ ಮೇಲೆ ಮೂರು ತಿಂಗಳು ಕಾಯಬೇಕೆಂದು ವಿವರಿಸಿ, ಮತ್ತೆ ಬರಬಹುದಾದ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಆತ ಬೇಸರಪಡದೆ ಹೊರಟದ್ದು ಅವರ ಮಾತಿನ ಸೌಜನ್ಯದಿಂದ.

ಇಷ್ಟು ಕಾಳಜಿ ಇವರ ಹೊರಗಿನ ಶಿಬಿರಗಳಲ್ಲಿ ಕಾಣುವುದಿಲ್ಲ ಎಂಬುದು ನನ್ನ ದೂರು. ಕಟ್ಟಡ ಕಾಮಗಾರಿಯ ಸ್ಥಳದಲ್ಲಿ ನಡೆದ ಶಿಬಿರವೊಂದರಲ್ಲಿ ಪ್ರಶ್ನಾವಳಿ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಬಂಗಾಳ, ಒಡಿಶಾಗಳಿಂದ ಬಂದ ಕಾರ್ಮಿಕರು ಮೇಸ್ತ್ರಿ ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಿದ್ದರು. ನೀರು ನಿಲ್ಲುವ ಇಂಥ ಕಡೆಗಳಲ್ಲೇ ವಾಸಿಸಿ ಸೊಳ್ಳೆ ಕಡಿಸಿಕೊಳ್ಳುವ ಅವರಿಗೆ ಆ ಪ್ರಶ್ನೆಗಳು ಅರ್ಥವಾಗಲೇಬೇಕಿತ್ತು. ಹಿಂದಿ, ಬಂಗಾಳಿ, ಒಡಿಯಾ ಪ್ರತಿಗಳನ್ನು ಮುದ್ರಿಸುವುದು ದೊಡ್ಡ ಖರ್ಚೇನಲ್ಲ.

ಇನ್ನೊಂದು ಕೊರತೆ ರಕ್ತ ಪಡೆದವರ ಕಡೆಯದು. ರಕ್ತದ ಮೂಲಕ ಬಂದ ಮಲೇರಿಯಾ ಒಂದೆರಡು ವಾರ ಕಳೆದು, ಕೆಲವೊಮ್ಮೆ ಇನ್ನೂ ತಡವಾಗಿ ಜ್ವರ ತರಿಸುತ್ತದೆ. ಆಪರೇಷನ್ ಆದವರಲ್ಲಿ ಅದನ್ನು ಗಾಯದ ಸೋಂಕೆಂದು ಭಾವಿಸುವುದು ಸುಲಭ. ಅಕ್ಕ ಮನೆಗೆ ಹೊರಟಾಗ ಈ ಬಗ್ಗೆ ಯಾರೂ ಹೇಳಲಿಲ್ಲ, ನಾವೇ ಕೇಳಿ ತಿಳಿದೆವು. ರಕ್ತದಾನ ಮಾಡುವವರಿಗೆ ಈ ಕೇಂದ್ರವನ್ನು ಧೈರ್ಯವಾಗಿ ಸೂಚಿಸುತ್ತೇನೆ. ಇಲ್ಲಿಂದ ರಕ್ತ ಪಡೆದವರ ಮನೆಯವರು ಮಾತ್ರ, ಮುಂದೆ ಜ್ವರ ಬಂದರೆ ರಕ್ತ ಹಾಕಿಸಿದ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ, ಮಲೇರಿಯಾ ಪರೀಕ್ಷೆ ಮಾಡಿಸಿ.