ಕುರಿ ತುಪ್ಪಟಕ್ಕೆ ಸ್ಪ್ರಿಂಗ್ ಕತ್ತರಿ: ಒಳ್ಳೆಯದೇ, ಆದರೆ ತಂದ ಹಾಗೇ ಬಳಸಬೇಡಿ

ಒಂದೇ ಉಕ್ಕಿನ ಪಟ್ಟಿ ಬಗ್ಗಿಸಿ ಮಾಡಿದ, ಕೈ ಸಡಿಲಿಸಿದರೆ ತಾನೇ ತೆರೆದುಕೊಳ್ಳುವ ಕತ್ತರಿ ಇದು. ಒಟ್ಟು ಉದ್ದ 12-13 ಇಂಚು, ಅಲಗು 6 ಇಂಚು. ಹತ್ತಿಪ್ಪತ್ತು ಕುರಿ ಸಾಕಿಕೊಂಡು ತುಪ್ಪಟವನ್ನು ಮನೆಯಲ್ಲೇ ನೂಲುವವರಿಗೆ ಇಷ್ಟು ಸಾಕು. ಚಳ್ಳಕೆರೆ, ಹಿರಿಯೂರು ಸೀಮೆಯ ಕರಿ ಕುರಿಗೆ ವರ್ಷಕ್ಕೆರಡು ಕತ್ತರಿ ಹಾಕಿದರೂ ಬರುವುದು ಅರ್ಧ ಕಿಲೋ ಆಸುಪಾಸು. ಅಷ್ಟಕ್ಕೆ ಕರೆಂಟಿನ ಮಷೀನು ದಂಡ. ತುಪ್ಪಟದಲ್ಲಿ ಕೂತ ಮರಳಿಗೆ ಅದರ ಅಲಗು ಬೇಗ ಮೊಂಡಾಗುತ್ತದೆ, ಕಾದರೆ ಚರ್ಮ ಸುಡುತ್ತದೆ.

ಆದರೆ ಹೊಸ ಕತ್ತರಿ ಕತ್ತರಿಸುವುದಿಲ್ಲ, ಅಗಿಯುತ್ತದೆ. ಕೊಳ್ಳುವಾಗಲೇ ಬೆಳಕಿಗೆ ಹಿಡಿದು ನಿಧಾನ ಮುಚ್ಚಿ. ಅಲಗುಗಳು ಒಂದನ್ನೊಂದು ದಾಟುವ ಜಾಗದಲ್ಲಿ ಸಂದು ಕಂಡರೆ ಬೇರೆಯದು ಕೇಳಿ. ಬಳಸುವ ಮುಂಚೆ ಸಾಣೆ ಹಿಡಿಸಿ, ಅದೂ ಅಲಗಿನ ಹೊರಮೈಯ ಇಳಿಜಾರಿಗೆ ಮಾತ್ರ. ಸಾಣೆಯವರು ರೂಢಿಯ ಮೇಲೆ ಒಳಮೈಗೂ ಚಕ್ರ ತಾಗಿಸಿಬಿಡುತ್ತಾರೆ. ಅಲ್ಲಿಗೆ ಕತ್ತರಿಯ ಕಥೆ ಮುಗಿಯಿತು. ಒಳಮೈಗೆ ನಯವಾದ ಸಾಣೆಕಲ್ಲನ್ನು ಮಲಗಿಸಿ ಒಂದೆರಡು ಸಲ ಎಳೆದು, ಅಂಚಿನಲ್ಲಿ ಮಡಿಚಿಕೊಂಡ ಉಕ್ಕಿನ ಎಳೆ ತೆಗೆದರೆ ಆಯಿತು. ಒದ್ದೆ ಪಂಚೆಯ ತುಂಡನ್ನು ಅಲಗಿನ ತುದಿಯಲ್ಲೇ ಕತ್ತರಿಸಿ ನೋಡಿ.

ಹಿಡಿಕೆ ಬರೀ ಕಬ್ಬಿಣ, ನಾಲ್ಕೈದು ಕುರಿಗೇ ಅಂಗೈ ಬೊಬ್ಬೆ. ಹಳೇ ಸೈಕಲ್ ಟ್ಯೂಬ್ ಸುತ್ತಿಕೊಳ್ಳಿ. ಎಡಚರಿಗೆ ಇದು ಆಗಿಬರುವುದಿಲ್ಲ.

ಕತ್ತರಿಸುವ ಎರಡು ದಿನ ಮೊದಲು ಕೆರೆಯಲ್ಲಿ ಕುರಿಯ ಮೈ ತೊಳೆದು ಪೂರ್ತಿ ಒಣಗಲು ಬಿಡಿ. ಅರ್ಧ ಸಾಣೆ ಉಳಿಯುವುದು ಇಲ್ಲೇ. ಹಿಂದಿನ ರಾತ್ರಿ ಮೇವು ಬೇಡ. ಎಡಗೈಯಲ್ಲಿ ಚರ್ಮವನ್ನು ಹಿಂದಕ್ಕೆ ಬಿಗಿಯಾಗಿ ಎಳೆದು, ಅಲಗನ್ನು ಮೈಗೆ ಮಲಗಿಸಿ, ಮುಕ್ಕಾಲು ಭಾಗ ಮುಚ್ಚುತ್ತ ಮುಂದಕ್ಕೆ ತಳ್ಳಬೇಕು. ತುಪ್ಪಟ ಹಿಡಿದೆತ್ತಿದರೆ ಚರ್ಮವೂ ಎದ್ದು ಅಲಗಿಗೆ ಸಿಗುತ್ತದೆ. ತೊಡೆಸಂದು, ಕೆಚ್ಚಲ ಹತ್ತಿರದ ಗಾಯಗಳು ಹೆಚ್ಚಾಗಿ ಹೀಗೇ ಆಗುವುದು. ಗಾಯಕ್ಕೆ ಕೂಡಲೇ ಬೇವಿನೆಣ್ಣೆ ಹಚ್ಚಿ, ಇಲ್ಲವಾದರೆ ನೊಣ ಕೂತು ಹುಳ ಬೀಳುತ್ತದೆ.

ನೂಲುವವರು ಒಂದನ್ನು ಮಾತ್ರ ಮರೆಯಬಾರದು: ಕತ್ತರಿಸಿದ ಜಾಗಕ್ಕೆ ಮತ್ತೆ ಕತ್ತರಿ ಹಾಕಬೇಡಿ. ಉಳಿದ ಗಿಡ್ಡ ಕೂದಲನ್ನು ಮಟ್ಟ ಮಾಡಲು ಹೋದರೆ ಆ ಚೂರುಗಳು ಉದ್ದ ಎಳೆಯಲ್ಲಿ ಬೆರೆತು, ಹಿಂಜುವಾಗ ಗಂಟಾಗಿ, ರಾಟೆಯ ಮೇಲೆ ನೂಲು ಸರಿಯಾಗಿ ಅಲ್ಲೇ ತುಂಡಾಗುತ್ತದೆ. ಕುರಿಯ ಮೈ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಕಾಣಲಿ, ಅದೇನು ಮದುವೆಗೆ ಹೊರಟಿಲ್ಲ.

ಹೊಟ್ಟೆ, ಕಾಲು, ಬಾಲದ್ದು ಬೇರೆ ಇಡಿ. ಮರಿಯ ಮೊದಲ ಕತ್ತರಿಯ ತುಪ್ಪಟ ಮೆತ್ತಗಿರುತ್ತದೆ, ಅದನ್ನು ದೊಡ್ಡ ಕುರಿಯದರ ಜೊತೆ ಬೆರೆಸಿದರೆ ನಷ್ಟ. ಉತ್ತರಾಣಿ ಬೀಜವನ್ನು ತೊಳೆಯುವ ಮುಂಚೆಯೇ ಕೈಯಲ್ಲಿ ಆರಿಸಿ. ಅಂಟುವಾಳದ ನೀರು ಉಗುರುಬೆಚ್ಚಗಿರಲಿ. ಅದ್ದಿ ಎತ್ತಬೇಕೇ ಹೊರತು ತಿಕ್ಕಬಾರದು, ತಿಕ್ಕಿದರೆ ಜಡೆಗಟ್ಟುತ್ತದೆ. ಗೋಣಿಚೀಲದಲ್ಲಿಟ್ಟರೆ ನಾರು ಅಂಟಿ ನೂಲಿಗೂ ಬರುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಬೆವರಿ ಮುಗ್ಗುತ್ತದೆ. ಹಳೇ ಪಂಚೆಯ ಗಂಟೇ ಸರಿ.

ಕೆಲಸ ಮುಗಿದ ಮೇಲೆ ಅಲಗು ಒರೆಸಿ ಹೊಲಿಗೆ ಮಷೀನಿನ ಎಣ್ಣೆ ಸವರಿ. ಕೈಗೆ ಸಿಗುತ್ತದೆಂದು ಶೇಂಗಾ ಎಣ್ಣೆ ಹಚ್ಚಿದರೆ ಮುಂದಿನ ಕತ್ತರಿಯ ಹೊತ್ತಿಗೆ ಅಂಟುಗಟ್ಟಿ ಕೂತಿರುತ್ತದೆ.