ಫೆಬ್ರವರಿಲಿ ಆಸ್ಟ್ರೇಲಿಯಾದ ಕೇರ್ನ್ಸ್ ಕಡೆ ವ್ಯಾನ್ ಟ್ರಿಪ್ ಹಾಕ್ಕೊಳೋರು ದಯವಿಟ್ಟು ಇದನ್ನ ಓದಿ

ಇದನ್ನ ಬರೀಬೇಕಾ ಬೇಡ್ವಾ ಅಂತ ಇಷ್ಟು ದಿನ ಸುಮ್ನಿದ್ದೆ. ಮೊನ್ನೆ ಇವ್ರ ಆಫೀಸಿನ ಹುಡುಗ ಒಬ್ಬ ಮದ್ವೆ ಫಿಕ್ಸ್ ಆಗಿದೆ ಅಕ್ಕ, ನೀವು ಹೋಗಿದ್ರಲ್ಲ ಅದೇ ಕೇರ್ನ್ಸ್ ಟ್ರಿಪ್ಪು ನಾವೂ ಹಾಕ್ಕೊಂಡಿದೀವಿ, ಫೆಬ್ರವರಿಲಿ ವ್ಯಾನ್ ತುಂಬಾ ಚೀಪಾಗಿ ಸಿಗ್ತಿದೆ ಅಂತ ಫೋನ್ ಮಾಡ್ದ. ಕೇಳ್ತಿದ್ದಂಗೆ ನನ್ನ ಕೈ ನಡುಗ್ತು. ಅವನಿಗೆ ಏನು ಹೇಳಿದ್ನೋ ಅದನ್ನೇ ಇಲ್ಲೂ ಹೇಳ್ತೀನಿ.

ನಾವು ಹೋಗಿದ್ದೂ ಫೆಬ್ರವರಿ ಮೊದಲ ವಾರನೇ. ಮದ್ವೆ ಆಗಿ ಹತ್ತು ವರ್ಷ ಆಯ್ತು ಅಂತ ಮಗಳನ್ನ ಸಾಗರದಲ್ಲಿ ಅಮ್ಮನ ಹತ್ರ ಬಿಟ್ಟು ಇಬ್ಬರೇ ಹೊರಟ್ವಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್, ಕೇರ್ನ್ಸ್‌ನಲ್ಲಿ ಕ್ಯಾಂಪರ್‌ವ್ಯಾನ್ (ಒಳಗೇ ಅಡುಗೆ ಮಾಡ್ಕೊಂಡು ಮಲಗೋ ವ್ಯಾನ್) ತಗೊಂಡು ಬ್ರೂಸ್ ಹೈವೇ ಹಿಡ್ಕೊಂಡು ಬ್ರಿಸ್ಬೇನ್‌ವರೆಗೆ, ಸುಮಾರು 1,700 ಕಿ.ಮೀ., 12 ರಾತ್ರಿ, ದಾರೀಲಿ ಸಿಕ್ಕಿದ ಕಡೆ ರೀಫ್‌ನಲ್ಲಿ, ಅಂದ್ರೆ ಹವಳದ ದಿಬ್ಬಗಳ ಹತ್ರ, ಸ್ನಾರ್ಕೆಲಿಂಗ್ (ಮಾಸ್ಕು, ಉಸಿರಾಡೋ ಕೊಳವೆ ಹಾಕ್ಕೊಂಡು ತೇಲ್ತಾ ನೀರೊಳಗೆ ನೋಡೋದು), ಇದು ನಮ್ಮ ಪ್ಲಾನು. ಬೆಂಗಳೂರಲ್ಲಿ ಬುಕ್ ಮಾಡ್ಕೊಟ್ಟೋನು ಈಗ ಆಫ್ ಸೀಸನ್ ಮೇಡಂ, ಜುಲೈಗೆ ಹೋಲಿಸಿದ್ರೆ ಅರ್ಧ ರೇಟು ಅಂದ. ಯಾಕೆ ಆಫ್ ಸೀಸನ್ ಅಂತ ಅವನೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ.

ಅಲ್ಲಿ ನವೆಂಬರ್‌ನಿಂದ ಮೇ ತನಕ ಸ್ಟಿಂಗರ್ ಸೀಸನ್. ಅಂದ್ರೆ ಕುಟುಕಿದ್ರೆ ಪ್ರಾಣಕ್ಕೇ ಬರೋ ಜೆಲ್ಲಿಫಿಶ್‌ಗಳು ದಡದ ಹತ್ರ ಓಡಾಡೋ ಕಾಲ. ಮಳೆಗಾಲ, ಸೈಕ್ಲೋನು ಎಲ್ಲ ಬರೋದೂ ಅದೇ ತಿಂಗಳುಗಳಲ್ಲಿ. 2023ರ ಡಿಸೆಂಬರಲ್ಲಿ ಜಾಸ್ಪರ್ ಅನ್ನೋ ಸೈಕ್ಲೋನ್ ಬಂದು ಕೇರ್ನ್ಸ್ ಸುತ್ತಮುತ್ತ ಮುಳುಗಿಹೋಗಿತ್ತಂತೆ, 2025ರ ಫೆಬ್ರವರಿಲಿ ಟೌನ್ಸ್‌ವಿಲ್-ಇಂಗಮ್ ಮಧ್ಯೆ ಹೈವೇ ಸೇತುವೆನೇ ಕುಸಿದಿತ್ತಂತೆ. ಇದೆಲ್ಲ ನನಗೆ ಗೊತ್ತಾಗಿದ್ದು ಆಸ್ಪತ್ರೆ ಕಾರಿಡಾರಲ್ಲಿ ಕೂತ್ಕೊಂಡು ಫೋನ್ ನೋಡ್ತಿರುವಾಗ.

ವ್ಯಾನ್ ಡಿಪೋದಲ್ಲಿ ಕೌಂಟರಲ್ಲಿದ್ದ ಹುಡುಗಿ ಮಾಸ್ಕು, ಸ್ನಾರ್ಕೆಲು, ಕಾಲಿಗೆ ಹಾಕ್ಕೊಳೋ ಫಿನ್ನು ಎಲ್ಲ ಬಾಡಿಗೆಗೆ ಕೊಟ್ಲು, ದುಡ್ಡು ತಗೊಂಡ್ಲು, ರೀಫ್ ಎಂಜಾಯ್ ಮಾಡಿ ಅಂದ್ಲು. ಜೆಲ್ಲಿಫಿಶ್ ಕುಟುಕದಂಗೆ ಮೈ ಮುಚ್ಚೋ ಸ್ಟಿಂಗರ್ ಸೂಟ್ ಬೇಕಾಗುತ್ತೆ ಅಂತ ಒಂದು ಮಾತು ಹೇಳ್ಲಿಲ್ಲ. ಅವಳ ಮೇಲೆ ನನಗೆ ಈಗ್ಲೂ ಕೋಪ ಇದೆ.

ಮೊದಲ ಎರಡು ರಾತ್ರಿ ಸೆಕೆಗೆ ನಿದ್ದೆನೇ ಇಲ್ಲ. ವ್ಯಾನಲ್ಲಿರೋ ಎಸಿ ಇಂಜಿನ್ ಆನ್ ಇದ್ರೆ ಇಲ್ಲ ಕರೆಂಟ್ ಪ್ಲಗ್ ಇರೋ ಸೈಟ್ ತಗೊಂಡ್ರೆ ಮಾತ್ರ ಓಡುತ್ತೆ, ನಾವು ದುಡ್ಡು ಉಳಿಸೋಕೆ ಪ್ಲಗ್ ಇಲ್ಲದ ಸೈಟ್ ತಗೊಂಡಿದ್ವಿ. ಇರ್ಲಿ, ಅದು ದೊಡ್ಡ ವಿಷಯ ಅಲ್ಲ.

ನಾಲ್ಕನೇ ದಿನ ಟೌನ್ಸ್‌ವಿಲ್‌ನಲ್ಲಿ ಫೆರಿ ಪಾರ್ಕಿಂಗಲ್ಲಿ ವ್ಯಾನ್ ಬಿಟ್ಟು ಮ್ಯಾಗ್ನೆಟಿಕ್ ಐಲ್ಯಾಂಡ್‌ಗೆ ಹೋದ್ವಿ, ದೋಣೀಲಿ ಇಪ್ಪತ್ತು ನಿಮಿಷ ಅಷ್ಟೆ. ಅಲ್ಲಿ ಜೆಫ್ರಿ ಬೇ ಅಂತ ಇದೆ, ದಡದಿಂದಲೇ ಈಜ್ಕೊಂಡು ಹೋಗಿ ಹವಳ ನೋಡಬಹುದು, ಹಳೇ ಹಡಗೊಂದು ಮುಳುಗಿರೋದೂ ಕಾಣುತ್ತೆ. ಅವತ್ತು ಗಾಳಿ ಕಮ್ಮಿ, ನೀರು ತಟ್ಟೆ ಥರ ಸಮ ಇತ್ತು. ದಡದಲ್ಲಿ ಹಳದಿ ಬೋರ್ಡು, ಜೆಲ್ಲಿಫಿಶ್ ಚಿತ್ರ, ಅದರ ಪಕ್ಕ ಕಂಬದಲ್ಲಿ ವಿನೆಗರ್ ಬಾಟ್ಲು. ನಾನು ಅದರ ಫೋಟೋ ಕೂಡ ತೆಗೆದೆ. ಸೂಟ್ ಎಲ್ಲಾದ್ರೂ ಬಾಡಿಗೆಗೆ ಸಿಗುತ್ತೇನೋ ಕೇಳೋಣ ರೀ ಅಂದೆ. ಈ ಸೆಕೇಲಿ ಮೈತುಂಬ ಅದನ್ನ ಯಾರೇ ಹಾಕ್ಕೊತಾರೆ, ನೇತ್ರಾಣೀಲಿ ಏನಾದ್ರೂ ಆಯ್ತಾ ಅಂದ್ರು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಎರಡು ಸಲ ಹೋಗಿ ಬಂದಿದ್ವಿ, ಅದೇ ಧೈರ್ಯ. ನಾನೂ ಹಠ ಮಾಡ್ಲಿಲ್ಲ.

ನೀರಿಂದ ಬರುವಾಗ ಇವ್ರು ಮೊಣಕಾಲ ಹಿಂದೆ ಏನೋ ಚುರುಕ್ ಅಂತು ಅಂದ್ರು. ನೋಡಿದ್ರೆ ಏನೂ ಇಲ್ಲ, ಚೂರು ಕೆಂಪಗೆ, ಗಂಧಿ ಎದ್ದಂಗೆ, ಒಂದು ರೂಪಾಯಿ ಅಗಲ. ಸೊಳ್ಳೆ ಕಚ್ಚಿದ್ರೆ ಇದಕ್ಕಿಂತ ಜಾಸ್ತಿ ಊದ್ಕೊಳುತ್ತೆ. ಮರದ ಕೆಳಗೆ ಕೂತು ಬೆಳಿಗ್ಗೆ ವ್ಯಾನಲ್ಲಿ ಮಾಡ್ಕೊಂಡಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿದ್ವಿ. ಅಲ್ಲಿ ಕಾಂಗರೂ ಥರದ ಪುಟ್ಟ ಪುಟ್ಟ ರಾಕ್ ವಾಲಬಿಗಳು ಹತ್ರನೇ ಬರ್ತವೆ, ನಾನು ಅವನ್ನ ನೋಡ್ತಿದ್ದೆ. ಅರ್ಧ ಗಂಟೆ ಆಗಿರ್ಬೇಕು. ಇವ್ರು ತುತ್ತು ಬಾಯಿಗಿಡೋದು ಬಿಟ್ಟು ಸೊಂಟ ಹಿಡ್ಕೊಂಡ್ರು. ನೋವು ಅಂದ್ರು, ಆಮೇಲೆ ಮಾತೇ ಬರ್ಲಿಲ್ಲ. ಮೈಯೆಲ್ಲ ಬೆವರು, ಅಂದ್ರೆ ಟೀ ಶರ್ಟ್ ಹಿಂಡಿದ್ರೆ ನೀರು ಬರೋ ಅಷ್ಟು, ವಾಂತಿ, ಕಾಲು ಸೆಳೆತ, ಕೂರಕ್ಕೂ ಆಗಲ್ಲ ಮಲಗಕ್ಕೂ ಆಗಲ್ಲ, ಮರಳಲ್ಲಿ ಹೊರಳಾಡ್ತಿದ್ರು.

ಆಮೇಲೆ ನನ್ನ ಕೈ ಹಿಡ್ಕೊಂಡು, ನಾನು ಉಳಿಯಲ್ಲ ಕಣೇ, ಎಲ್‌ಐಸಿ ಬಾಂಡು ಬೀರೂಲಿ ಮೇಲಿನ ಖಾನೇಲಿದೆ, ಪುಟ್ಟೀನ ಚೆನ್ನಾಗಿ ಓದ್ಸು ಅಂದ್ರು. ಹತ್ತು ವರ್ಷದಲ್ಲಿ ಈ ಮನುಷ್ಯನ ಬಾಯಲ್ಲಿ ಅಂಥ ಮಾತು ಕೇಳಿರ್ಲಿಲ್ಲ. ಸತ್ತೇ ಹೋಗ್ತೀನಿ ಅನ್ನೋ ಭಯಾನೂ ಈ ವಿಷದ ಒಂದು ಲಕ್ಷಣ ಅಂತ ಆಮೇಲೆ ನರ್ಸ್ ಹೇಳಿದ್ರು. ಆದ್ರೆ ಆ ಹೊತ್ತಲ್ಲಿ ನನಗೆ ಅದು ಗೊತ್ತಿಲ್ಲ, ನಾನು ನಂಬಿಬಿಟ್ಟೆ.

ಅಲ್ಲೇ ನಾಯಿ ವಾಕ್ ಮಾಡಿಸ್ತಿದ್ದ ವಯಸ್ಸಾದ ಹೆಂಗಸೊಬ್ರು ಓಡ್ಬಂದು ಒಂದೇ ಮಾತು ಅಂದ್ರು, ಇರುಕಾಂಜಿ. ಅದೊಂದು ಪುಟ್ಟ ಜೆಲ್ಲಿಫಿಶ್ ಹೆಸರು. ಕಂಬದಿಂದ ಬಾಟ್ಲು ತಂದು ಕಾಲಿಗೆ ವಿನೆಗರ್ ಸುರಿದ್ರು, ಉಜ್ಜೋಕೆ ಹೋದ ನನ್ನ ಕೈ ತಳ್ಳಿದ್ರು, ಅಲ್ಲಿನ ಎಮರ್ಜೆನ್ಸಿ ನಂಬರ್ 000ಗೆ ಫೋನ್ ಮಾಡಿದ್ರು. ವಿನೆಗರ್ ಹಾಕಿದ್ರೆ ನೋವು ಹೋಗಲ್ಲ, ಚರ್ಮದ ಮೇಲೆ ಉಳಿದಿರೋ ಮುಳ್ಳಿನಂಥ ಕಣಗಳು ಮತ್ತೆ ವಿಷ ಬಿಡದೇ ಇರ್ಲಿ ಅಂತ, ಕನಿಷ್ಠ 30 ಸೆಕೆಂಡ್ ಸುರೀಬೇಕು. ಉಜ್ಜಬಾರದು, ಸಿಹಿನೀರು ಹಾಕಬಾರದು. ನಾನು ಬಿಸ್ಲೇರಿ ಬಾಟ್ಲು ಬಿಚ್ಚಿ ತೊಳೆಯಕ್ಕೆ ರೆಡಿ ಆಗಿದ್ದೆ.

ಹೆಲಿಕಾಪ್ಟರ್‌ನಲ್ಲಿ ಇವ್ರನ್ನ ಟೌನ್ಸ್‌ವಿಲ್‌ಗೆ ಕರ್ಕೊಂಡು ಹೋದ್ರು, ನನಗೆ ಜಾಗ ಇರ್ಲಿಲ್ಲ. ಎರಡು ಜೊತೆ ಒದ್ದೆ ಫಿನ್ನು ಮಡಿಲಲ್ಲಿಟ್ಕೊಂಡು ಒಬ್ಬಳೇ ಫೆರೀಲಿ ಬಂದೆ. ಆ ಇಪ್ಪತ್ತು ನಿಮಿಷ ನಾನು ಯಾವ ದೇವರನ್ನೂ ಬಿಡ್ಲಿಲ್ಲ.

ಇರುಕಾಂಜಿ ಗಾತ್ರ ಎಷ್ಟು ಗೊತ್ತಾ, ಮೈ ಬರೀ ಒಂದು ಸೆಂಟಿಮೀಟರ್ ಆಸುಪಾಸು, ಗಾಜಿನ ಥರ ಪಾರದರ್ಶಕ, ನೀರಲ್ಲಿ ಕಾಣೋದೇ ಇಲ್ಲ. ಬೀಚಲ್ಲಿ ಕಟ್ಟಿರೋ ಬಲೆ ದೊಡ್ಡ ಬಾಕ್ಸ್ ಜೆಲ್ಲಿಫಿಶ್‌ನ ತಡೆಯುತ್ತೆ, ಇದು ಬಲೆ ಕಣ್ಣಲ್ಲೇ ತೂರಿ ಬರುತ್ತೆ. ಬಾಕ್ಸ್ ಜೆಲ್ಲಿಫಿಶ್‌ಗೆ ಆಂಟಿವೆನಮ್, ಅಂದ್ರೆ ವಿಷ ಇಳಿಸೋ ಮದ್ದು, ಇದೆ, ಇದಕ್ಕೆ ಅದೂ ಇಲ್ಲ. ನೋವಿಗೆ ಫೆಂಟನಿಲ್ ಅನ್ನೋ ಜೋರು ಮದ್ದು ಕೊಡ್ತಾರೆ, ಬಿಪಿ ಇಳಿಸ್ತಾರೆ, ಹೃದಯ ನೋಡ್ಕೊತಾ ಕಾಯ್ತಾರೆ. 1961ರಲ್ಲಿ ಬಾರ್ನ್ಸ್ ಅನ್ನೋ ಕೇರ್ನ್ಸ್ ಡಾಕ್ಟರ್ ಈ ನರಳಾಟಕ್ಕೆ ಇದೇ ಹುಳ ಕಾರಣ ಅಂತ ಸಾಬೀತು ಮಾಡೋಕೆ ತಾನೂ ಕುಟುಕಿಸ್ಕೊಂಡು ಸ್ವಂತ ಮಗನಿಗೂ ಕುಟುಕಿಸಿದ್ರಂತೆ, ಆಸ್ಪತ್ರೆ ಸೇರಬೇಕಾಯ್ತಂತೆ. ನರ್ಸ್ ಅದನ್ನ ಹೇಳುವಾಗ ನನಗೆ ಆ ಮಗುವಿನ ಅಮ್ಮನ ನೆನಪೇ ಬರ್ತಿತ್ತು.

ಇವ್ರಿಗೆ ಎರಡು ರಾತ್ರಿ ಇಟ್ಕೊಂಡ್ರು. ಹುಷಾರಾದ್ರು, ದೇವರ ದಯೆ.

ಇನ್ನು ವ್ಯಾನಿನ ಕಥೆ. ನಾನು ಬೆಂಗಳೂರಲ್ಲಿ ದಿನಾ ಕಾರ್ ಓಡಿಸ್ತೀನಿ, ಲೈಸೆನ್ಸೂ ಪರ್ಸಲ್ಲೇ ಇತ್ತು. ಆದ್ರೆ ಅಗ್ರಿಮೆಂಟಲ್ಲಿ ಡ್ರೈವರ್ ಅಂತ ಇವ್ರ ಹೆಸರು ಮಾತ್ರ, ಎರಡನೇ ಡ್ರೈವರ್‌ಗೆ ಎಕ್ಸ್‌ಟ್ರಾ ದುಡ್ಡು ಅಂತ ಹಾಕಿಸಿರ್ಲಿಲ್ಲ. ನಾನು ಮುಟ್ಟಿದ್ರೆ ಇನ್ಶೂರೆನ್ಸ್ ಹೋಯ್ತು. ಹಾಗಾಗಿ ವ್ಯಾನು ಫೆರಿ ಪಾರ್ಕಿಂಗಲ್ಲೇ ನಿಂತಿತ್ತು, ನಮ್ಮ ಬಟ್ಟೆ, ಇವ್ರ ಮಾತ್ರೆ ಎಲ್ಲ ಅದರಲ್ಲೇ. ಡಿಸ್ಚಾರ್ಜ್ ಆದ ದಿನ ಮಳೆ ಹಿಡೀತು, ಮುಂದೆ ಹೈವೇ ಮೇಲೆ ನೀರು ಬಂದು ಬಂದ್ ಮಾಡಿದ್ರು. ನೀರಲ್ಲಿ ಇಳಿಸಿ ವ್ಯಾನ್ ಕೆಟ್ರೆ ಒಂದು ಪೈಸೆ ಕವರ್ ಆಗಲ್ಲ, ಅದೂ ಸಣ್ಣಕ್ಷರದಲ್ಲಿದೆ. ಕಂಪನಿಗೆ ಫೋನ್ ಮಾಡಿ ಗೋಗರೆದೆ. ಟೌನ್ಸ್‌ವಿಲ್‌ನಲ್ಲಿ ಬಿಟ್ಟು ಹೋಗೋದಾದ್ರೆ ವ್ಯಾನ್ ಎತ್ಕೊಂಡು ಹೋಗೋ ಚಾರ್ಜ್ ನೀವೇ ಕೊಡಿ ಅಂದ್ರು. ಉಳಿದ ದಿನಗಳ ಬಾಡಿಗೆನೂ ವಾಪಸ್ ಬರ್ಲಿಲ್ಲ. ಗಂಡ ಐಸಿಯುನಿಂದ ಬಂದಿದಾನೆ ಅಂತ ಹೇಳಿದ ಮೇಲೂ.

ಕ್ವೀನ್ಸ್‌ಲ್ಯಾಂಡ್‌ನವರಿಗೆ ಆಂಬುಲೆನ್ಸ್ ಫ್ರೀ, ನಮ್ಮಂಥವರಿಗಲ್ಲ. ಆಂಬುಲೆನ್ಸು, ಆಸ್ಪತ್ರೆ ಎಲ್ಲ ಸೇರಿ ಸಾವಿರಾರು ಡಾಲರ್ ಬಿಲ್ಲು. ಟ್ರಾವೆಲ್ ಇನ್ಶೂರೆನ್ಸ್ ಇತ್ತು, ಆದ್ರೆ ಅಡ್ಮಿಟ್ ಆದ ತಕ್ಷಣ ಅವರ ನಂಬರಿಗೆ ಹೇಳ್ಬೇಕಿತ್ತು, ನಾನು ಹೇಳಿದ್ದು ಮರುದಿನ, ಅದನ್ನೇ ಹಿಡ್ಕೊಂಡು ಎಳೆದಾಡ್ತಿದಾರೆ. ಆ ನಂಬರ್ ಇಬ್ಬರ ಫೋನಲ್ಲೂ ಸೇವ್ ಮಾಡ್ಕೊಂಡು ಹೋಗಿ, ಪಾಲಿಸೀಲಿ ಸ್ನಾರ್ಕೆಲಿಂಗ್ ಸೇರಿದ್ಯಾ ಅಂತ ಬರವಣಿಗೇಲಿ ತಗೊಳಿ.

ಆ ಹುಡುಗನಿಗೆ ಜೂನ್‌ನಿಂದ ಅಕ್ಟೋಬರ್ ಒಳಗೆ ಹೋಗು ಅಂದೆ, ರೇಟ್ ಜಾಸ್ತಿ ಆದ್ರೂ ಪರವಾಗಿಲ್ಲ. ಬೇರೆ ದಾರಿ ಇಲ್ದೇ ಫೆಬ್ರವರೀಲೇ ಹೋಗೋದಾದ್ರೆ ತಲೆ, ಕೈ ಎಲ್ಲ ಮುಚ್ಚೋ ಲೈಕ್ರಾ ಸೂಟ್ ಇಲ್ದೇ ನೀರಿಗೆ ಕಾಲಿಡ್ಬೇಡ, ಹುಡುಗಿ ಹೆಸರನ್ನೂ ಡ್ರೈವರ್ ಅಂತ ಹಾಕ್ಸು ಅಂದೆ. ಡೇಟ್ ಮುಂದಕ್ಕೆ ಹಾಕ್ತೀನಿ ಅಕ್ಕ ಅಂದಿದಾನೆ. ನಮ್ಮ ಕ್ಲೇಮ್ ಇನ್ನೂ ಬಂದಿಲ್ಲ, ಬಂದ್ರೆ ಬರೀತೀನಿ. ಇವ್ರಿಗೆ ಈಗ್ಲೂ ರಾತ್ರಿ ಸೊಂಟ ಹಿಡ್ಕೊಂಡ್ರೆ ಇಬ್ರೂ ಎದ್ದು ಲೈಟ್ ಹಾಕಿ ಕೂರ್ತೀವಿ.